ಕಮೆಹಮೆಹಾ ವಿಡಿಯೊ: ಕಿರಣ ಕೊನೆಗೆ, ಮೊದಲು ಬೆಳಕು

ಕಮೆಹಮೆಹಾ ಎಂದರೆ ಡ್ರ್ಯಾಗನ್ ಬಾಲ್ ಎಂಬ ಜಪಾನಿನ ಅನಿಮೆಯಲ್ಲಿ (ಕಾರ್ಟೂನ್ ಸರಣಿ) ಎರಡೂ ಅಂಗೈಯಿಂದ ನೀಲಿ ಶಕ್ತಿ ಕಿರಣ ಬಿಡುವ ದಾಳಿ. ಅದರ ವಿಡಿಯೊ ಮಾಡಲು ಕೂತವರು ಮೊದಲು ಹುಡುಕುವುದು ಆ ನೀಲಿ ಕಿರಣವನ್ನು. ರೆಡಿಮೇಡ್ ಎಫೆಕ್ಟ್ ಒಂದನ್ನು ಡೌನ್‌ಲೋಡ್ ಮಾಡಿ, ಕೈ ಮುಂದೆ ಅಂಟಿಸಿ, ಸೇವ್ ಒತ್ತುತ್ತಾರೆ. ನೋಡಿದರೆ ಗೆಳೆಯ ಟ್ಯೂಬ್‌ಲೈಟ್ ಹಿಡಿದು ನಿಂತ ಹಾಗಿರುತ್ತದೆ. ಆಮೇಲೆ ಇನ್ನೂ ಒಳ್ಳೆಯ ಕಿರಣ ಹುಡುಕುತ್ತಾರೆ, ಇನ್ನೊಂದು ಆ್ಯಪ್ ಹಾಕಿಕೊಳ್ಳುತ್ತಾರೆ. ಆದರೆ ತಪ್ಪು ಕಿರಣದ್ದಲ್ಲ, ಕೆಲಸ ಮಾಡಿದ ಕ್ರಮದ್ದು.

ಡ್ರ್ಯಾಗನ್ ಬಾಲ್‌ನಲ್ಲಿ ಈ ದಾಳಿ ಮೊದಲು ಕಾಣಿಸುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಉರಿಯುವ ಬೆಟ್ಟದ ಬೆಂಕಿ ಆರಿಸಲು ಮಾಸ್ಟರ್ ರೋಶಿ ಬರುತ್ತಾನೆ. ಅಂಗಿ ತೆಗೆಯುತ್ತಾನೆ, ಒಣಕಲು ಮುದುಕನ ಮೈ ಉಬ್ಬುತ್ತದೆ, ನೋಡುವವರ ಮುಖ ಬದಲಾಗುತ್ತದೆ. ಬೆಳಕು ಬರುವುದು ಇಷ್ಟೆಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ನಾವು ನಂಬಿಯಾಗಿರುತ್ತದೆ. ನಿಮ್ಮ ವಿಡಿಯೊದಲ್ಲೂ ಮೈ, ಬೆಳಕು, ಟೈಮಿಂಗ್ ಮೊದಲು. ಕಿರಣ ಆಮೇಲೆ.

## ಏನೇನು ಬೇಕು

ಒಂದು ಫೋನ್, ಅದನ್ನು ಅಲುಗಾಡದ ಹಾಗೆ ನಿಲ್ಲಿಸಲು ಒಂದು ಟ್ರೈಪಾಡ್. ಟ್ರೈಪಾಡ್ ಇಲ್ಲದಿದ್ದರೆ ಕುರ್ಚಿ ಮೇಲೆ ಪುಸ್ತಕ ಪೇರಿಸಿ ಒರಗಿಸಿದರೂ ಸಾಕು. ಕೈಯಲ್ಲಿ ಹಿಡಿದು ಶೂಟ್ ಮಾಡಬೇಡಿ. ಕ್ಯಾಮೆರಾ ಅಲುಗಾಟವನ್ನು ಎಡಿಟ್‌ನಲ್ಲಿ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ.

ನೀಲಿ ಬೆಳಕು ಕೊಡುವ ಏನಾದರೊಂದು ಬೇಕೇ ಬೇಕು. ಬಣ್ಣ ಬದಲಾಗುವ ಎಲ್‌ಇಡಿ ಬಲ್ಬ್ ಇದ್ದರೆ ಒಳ್ಳೆಯದು. ಇಲ್ಲವಾದರೆ ಒಂದು ಟಾರ್ಚ್, ಅದರ ಮುಖಕ್ಕೆ ಎರಡು ಪದರ ನೀಲಿ ಜಿಲೇಟಿನ್ ಪೇಪರ್. ಸ್ಟೇಷನರಿ ಅಂಗಡಿಯಲ್ಲಿ ಕಡಿಮೆ ಕಾಸಿಗೆ ಸಿಗುತ್ತದೆ. ಜೊತೆಗೆ ಒಂದು ಟೇಬಲ್ ಫ್ಯಾನ್, ಸಡಿಲವಾದ ಅಂಗಿ, ಬೆಳಕು ಹಿಡಿಯಲು ಒಬ್ಬ ಸ್ನೇಹಿತ.

ಎಡಿಟ್ ಮಾಡಲು ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಅದರೊಳಗಿನ ಫ್ಯೂಷನ್ ಪೇಜ್‌ನಲ್ಲಿ ಇಲ್ಲಿ ಹೇಳಿದ್ದೆಲ್ಲ ಆಗುತ್ತದೆ. ಫೋನಿನಲ್ಲೇ ಮಾಡುವುದಾದರೆ ಅಲೈಟ್ ಮೋಷನ್ ಅಥವಾ ಕೈನ್‌ಮಾಸ್ಟರ್. ಆ್ಯಪ್ ಯಾವುದಾದರೂ ಆಗಲಿ, ಮೂರು ಸೌಲಭ್ಯ ಇರಲೇಬೇಕು: ಒಂದರ ಮೇಲೊಂದು ಲೇಯರ್ ಇಡುವುದು, ಲೇಯರ್‌ಗೆ ಸ್ಕ್ರೀನ್ ಅಥವಾ ಆ್ಯಡ್ ಎಂಬ ಬ್ಲೆಂಡಿಂಗ್ (ಕೆಳಗಿನ ಚಿತ್ರಕ್ಕೆ ಬೆಳಕು ಕೂಡುವಂತೆ ಬೆರೆಸುವುದು) ಕೊಡುವುದು, ಕೀಫ್ರೇಮ್ (ಯಾವ ಫ್ರೇಮಿನಲ್ಲಿ ಜಾಗ, ಅಳತೆ ಎಷ್ಟು ಎಂಬ ಗುರುತು) ಹಾಕುವುದು. ಈ ಮೂರೂ ಇಲ್ಲದ ಆ್ಯಪ್ ಜೊತೆ ಗುದ್ದಾಡಬೇಡಿ.

## ಹಂತ 1: ನಿಲುವು ಮತ್ತು ಕೈ

ಕ್ಯಾಮೆರಾಕ್ಕೆ ಅಡ್ಡಲಾಗಿ ನಿಲ್ಲಿ. ಅಂದರೆ ಕಿರಣ ಫ್ರೇಮಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕು. ಕ್ಯಾಮೆರಾ ಕಡೆಗೇ ಬಿಡುವ ಶಾಟ್ ನೋಡಲು ಭರ್ಜರಿ, ಆದರೆ ಮೊದಲ ಸಲಕ್ಕೆ ಬೇಡ. ಅದರಲ್ಲಿ ಕಿರಣದ ಅಗಲ ಪ್ರತಿ ಫ್ರೇಮಿಗೂ ಬದಲಾಗಬೇಕಾಗುತ್ತದೆ.

ಎಡಗಾಲು ಮುಂದೆ, ಬಲಗಾಲು ಹಿಂದೆ, ಮಂಡಿ ಎರಡೂ ಬಾಗಿರಲಿ. ಕೈಗಳನ್ನು ಬಲ ಸೊಂಟದ ಪಕ್ಕಕ್ಕೆ ತನ್ನಿ. ಅಂಗೈ ಬುಡಗಳು, ಅಂದರೆ ಮಣಿಕಟ್ಟಿನ ಹತ್ತಿರದ ಭಾಗ, ಒಂದಕ್ಕೊಂದು ತಾಗಿರಬೇಕು. ಬೆರಳುಗಳು ತೆರೆದಿರಬೇಕು. ನಡುವೆ ಟೆನಿಸ್ ಬಾಲ್ ಹಿಡಿಯುವಷ್ಟು ಜಾಗ. ನಿಜವಾಗಿಯೂ ಒಂದು ಬಾಲ್ ಹಿಡಿದು ಅಭ್ಯಾಸ ಮಾಡಿ, ಆಮೇಲೆ ತೆಗೆದುಬಿಡಿ. ಬೆರಳುಗಳಿಗೆ ಆ ಅಳತೆ ನೆನಪಿರುತ್ತದೆ.

ಬಿಡುವಾಗ ಎರಡೂ ಕೈ ಒಟ್ಟಿಗೆ ಮುಂದೆ ಬರುತ್ತವೆ. ಒಂದು ಕೈಯ ಬೆರಳು ಮೇಲಕ್ಕೆ, ಇನ್ನೊಂದರದು ಕೆಳಕ್ಕೆ. ಅಂಗೈ ಬುಡ ಆಗಲೂ ಬಿಡಬಾರದು. ಎರಡು ಕೈಯನ್ನೂ ಅಕ್ಕಪಕ್ಕ ಇಟ್ಟು ತಳ್ಳಿದರೆ ಅದು ಬಾಗಿಲು ನೂಕಿದ್ದಾಗುತ್ತದೆ, ಕಮೆಹಮೆಹಾ ಆಗುವುದಿಲ್ಲ.

ಜಾಸ್ತಿ ಜನ ಎಡವುವುದು ತೋಳಿನಲ್ಲಿ. ಗಾಳಿಯಲ್ಲಿ ಸುಮ್ನೆ ಕೈ ಚಾಚಿದರೆ ಸ್ನಾಯು ಬಿಗಿಯಾಗುವುದಿಲ್ಲ. ಅಷ್ಟು ದೊಡ್ಡ ಶಕ್ತಿ ಕೈಯಿಂದ ಹೊರಟಿದೆ ಎಂದರೆ ಅದು ಮೈಯನ್ನು ಹಿಂದಕ್ಕೆ ದಬ್ಬುತ್ತಿರಬೇಕು ಅಲ್ವಾ? ಶೂಟ್‌ಗೆ ಮೊದಲು ಗೋಡೆಯನ್ನು ಇದೇ ಭಂಗಿಯಲ್ಲಿ ಜೋರಾಗಿ ತಳ್ಳಿ ನೋಡಿ. ಭುಜ ಎಲ್ಲಿ ಏರುತ್ತದೆ, ಹಿಂದಿನ ಕಾಲು ಎಷ್ಟು ಊರುತ್ತದೆ, ಮುಖ ಹೇಗೆ ಕಿವುಚುತ್ತದೆ ಎಂದು ಗಮನಿಸಿ. ಕ್ಯಾಮೆರಾ ಮುಂದೆ ಅದನ್ನೇ ಮಾಡಿ. ಕಿರಣ ಹೊರಟ ಮೇಲೆ ಹಿಂದಿನ ಪಾದ ಒಂದೆರಡು ಇಂಚು ಹಿಂದಕ್ಕೆ ಜಾರಲಿ. ಮಣ್ಣಿನ ನೆಲವಾದರೆ ಆ ಜಾರಿದ ಗುರುತೇ ಅರ್ಧ ಕೆಲಸ ಮಾಡುತ್ತದೆ.

ಎಚ್ಚರಿಕೆ: ತಾರಸಿಯ ಅಂಚಿನಲ್ಲಿ, ಮೆಟ್ಟಿಲ ಹತ್ತಿರ ಈ ಹಿಂದೆ ಜಾರುವ ಆಟ ಬೇಡ.

ಎಡಿಟಿಂಗ್ ಎಲ್ಲ ಬೇಡ, ಒಂದು ಫೋಟೊ ಸಾಕು ಅನ್ನುವವರಿಗೆ ಬೇರೆಯೇ ದಾರಿ ಇದೆ. 2013ರಲ್ಲಿ ಜಪಾನಿನ ಶಾಲಾ ಹುಡುಗಿಯರು ಶುರು ಮಾಡಿದ ಫೋಟೊಗಳು ಜಗತ್ತಿನಾದ್ಯಂತ ಹರಿದಾಡಿದವು. ಒಬ್ಬಳು ನಡುವೆ ನಿಂತು ಶಕ್ತಿ ಬಿಟ್ಟಂತೆ ಮಾಡುತ್ತಾಳೆ, ಸುತ್ತಲಿನವರು ಹಾರಿಬಿದ್ದಂತೆ ನೆಗೆಯುತ್ತಾರೆ. ಯಾವ ಎಫೆಕ್ಟೂ ಇಲ್ಲ. ಇದಕ್ಕೆ ಬೇಕಾದ್ದು ಹಗಲು ಬೆಳಕು, ಬರ್ಸ್ಟ್ ಮೋಡ್ (ಒಂದೇ ಒತ್ತಿಗೆ ಸಾಲುಸಾಲು ಫೋಟೊ), ನೆಲದ ಹತ್ತಿರ ಇಟ್ಟ ಕ್ಯಾಮೆರಾ. ನೆಗೆಯುವವರು ಮೇಲಕ್ಕೆ ಹಾರಬೇಕು, ಹೊಟ್ಟೆ ಒಳಕ್ಕೆಳೆದು ಕೈಕಾಲು ಮುಂದಕ್ಕೆ ಚಾಚಬೇಕು. ನಿಜವಾಗಿ ಹಿಂದಕ್ಕೆ ಹಾರಿದರೆ ಬೆನ್ನಿಗೆ ಪೆಟ್ಟು. ಕಿರಣವೇ ಇಲ್ಲದೆ ಬರೀ ಮೈಯಿಂದ ಎಷ್ಟು ನಂಬಿಸಬಹುದು ಎಂದು ತಿಳಿಯಲು ಆ ಫೋಟೊಗಳಿಗಿಂತ ಒಳ್ಳೆಯ ಪಾಠ ಇಲ್ಲ.

## ಹಂತ 2: ಬೆಳಕು

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಸಂಜೆ ಸೂರ್ಯ ಮುಳುಗಿದ ಮೇಲೆ ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿರುವ ಹೊತ್ತು ಆರಿಸಿಕೊಳ್ಳಿ. ಅಥವಾ ಒಂದು ಮಂದ ಬಲ್ಬ್ ಇರುವ ಕೋಣೆ. ಮಧ್ಯಾಹ್ನದ ಬಿಸಿಲಿನಲ್ಲಿ ನಿಮ್ಮ ಟಾರ್ಚ್ ಏನೂ ಮಾಡಲಾರದು. ಪೂರ್ತಿ ಕತ್ತಲೆಯೂ ಬೇಡ, ಫೋನಿನ ವಿಡಿಯೊ ಕಾಳುಕಾಳಾಗಿ ಬರುತ್ತದೆ.

ಸ್ನೇಹಿತ ನೀಲಿ ಬೆಳಕನ್ನು ನಿಮ್ಮ ಅಂಗೈ ಇರುವ ಕಡೆಯಿಂದಲೇ ಹಿಡಿಯಬೇಕು. ಕೈಗಳು ಸೊಂಟದ ಪಕ್ಕ ಇರುವಾಗ ಬೆಳಕು ಕೆಳಗಿನಿಂದ ಬಂದು ಗದ್ದ, ಮೂಗಿನ ಕೆಳಭಾಗ, ಎದೆಯ ಬಲಬದಿಗೆ ಬೀಳಬೇಕು. ಕೈ ಮುಂದೆ ಚಾಚಿದಾಗ ಮುಖದ ಮುಂಭಾಗಕ್ಕೆ. ಅಂದರೆ ಸ್ನೇಹಿತ ಫ್ರೇಮಿನ ಹೊರಗೆ ಬಗ್ಗಿ ಕೂತು, ನಿಮ್ಮ ಕೈ ಚಲಿಸಿದಂತೆ ಟಾರ್ಚನ್ನೂ ಚಲಿಸಬೇಕು. ಒಂದೆರಡು ಸಲ ರಿಹರ್ಸಲ್ ಆಗಬೇಕು.

“ಕಾ-ಮೇ-ಹಾ-ಮೇ-ಹಾ” ಎಂದು ಬಿಡಿಬಿಡಿಯಾಗಿ ಕೂಗುವಾಗ ಬೆಳಕು ಒಮ್ಮೆಲೇ ಬರಬಾರದು. “ಕಾ” ಎನ್ನುವಾಗ ತುಸು, “ಮೇ” ಎನ್ನುವಾಗ ಇನ್ನಷ್ಟು, ಹೀಗೆ ಏರುತ್ತಾ ಹೋಗಬೇಕು. ಬಲ್ಬಿನ ಪ್ರಖರತೆಯನ್ನು ಫೋನಿನಿಂದಲೋ ರಿಮೋಟಿನಿಂದಲೋ ಏರಿಸಬಹುದು. ಟಾರ್ಚ್ ಆದರೆ ದೂರದಿಂದ ನಿಧಾನವಾಗಿ ಹತ್ತಿರ ತಂದರೆ ಅದೇ ಪರಿಣಾಮ. ಏರುವಾಗ ಬೆಳಕು ಸ್ವಲ್ಪ ನಡುಗಲಿ. ಟಾರ್ಚ್ ಮುಂದೆ ಬೆರಳು ಅಲ್ಲಾಡಿಸಿದರೆ ಸಾಕು.

ಲೇಸರ್ ಪಾಯಿಂಟರ್ ಹತ್ತಿರಕ್ಕೂ ತರಬೇಡಿ. ಕಣ್ಣಿಗೆ ಅಪಾಯ, ಕ್ಯಾಮೆರಾದ ಸೆನ್ಸರ್‌ಗೂ ಅಪಾಯ. ಹಾಗೆಯೇ ಧೂಳು ಬೇಕೆಂದು ಮೈದಾ ಹಿಟ್ಟು ಎರಚುವವರಿದ್ದಾರೆ. ಗಾಳಿಯಲ್ಲಿ ಹರಡಿದ ಹಿಟ್ಟು ಬೆಂಕಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ದೀಪ, ಊದುಬತ್ತಿ, ಪಟಾಕಿ ಇರುವಲ್ಲಿ ಹಿಟ್ಟು ಖಂಡಿತ ಬೇಡ. ಮೈದಾನದ ಒಣ ಮಣ್ಣೇ ಸಾಕು.

## ಹಂತ 3: ಶೂಟ್

ಫೋನ್ ತಾನೇ ಬುದ್ಧಿ ಉಪಯೋಗಿಸಲು ಬಿಡಬೇಡಿ. ಆಟೊದಲ್ಲಿ ಬಿಟ್ಟರೆ, ನೀಲಿ ಬೆಳಕು ಏರಿದ ತಕ್ಷಣ ಫೋನ್ ಇಡೀ ಚಿತ್ರವನ್ನು ಮಂಕಾಗಿಸುತ್ತದೆ, ನೀಲಿ ಜಾಸ್ತಿಯಾಯಿತೆಂದು ಹಳದಿ ಬೆರೆಸುತ್ತದೆ. ಅಷ್ಟು ಕಷ್ಟಪಟ್ಟು ಏರಿಸಿದ ಬೆಳಕು ಕಾಣುವುದೇ ಇಲ್ಲ. ವಿಡಿಯೊದ ಪ್ರೊ ಮೋಡ್‌ಗೆ ಹೋಗಿ. ಅದು ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಇದೆ.

ಸೆಟ್ಟಿಂಗ್ ಹೀಗಿರಲಿ: ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಹಾಗಾಗಿ ಈ ಲೆಕ್ಕದಲ್ಲಿ ಬಲ್ಬು ಮಿನುಗಿದಂತೆ ಕಾಣುವುದು ಕಡಿಮೆ. ಅಮೆರಿಕದಲ್ಲಿರುವವರಿಗೆ 60 ಹರ್ಟ್ಜ್, ಅವರು 30 ಫ್ರೇಮ್, 1/60 ಇಟ್ಟುಕೊಳ್ಳಲಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 4500 ಕೆಲ್ವಿನ್ ಆಸುಪಾಸಿನಲ್ಲಿ ಲಾಕ್ ಮಾಡಿ. ಎಕ್ಸ್‌ಪೋಷರ್ ಸ್ವಲ್ಪ ಕಡಿಮೆಯೇ ಇರಲಿ. ಫೋಕಸ್ ಕೂಡ ಲಾಕ್.

ನಟನ ಹಿಂದೆ ಖಾಲಿ ಜಾಗ ಕಡಿಮೆ, ಮುಂದೆ ಜಾಸ್ತಿ ಇರುವಂತೆ ಫ್ರೇಮ್ ಇಡಿ. ಕಿರಣಕ್ಕೆ ಓಡಲು ದಾರಿ ಬೇಕಲ್ಲ. ಹಿನ್ನೆಲೆ ಗಾಢ ಬಣ್ಣದ್ದಾಗಿರಲಿ. ಬಿಳಿ ಗೋಡೆಯ ಮುಂದೆ ಬಿಳಿ ಕಿರಣ ಕಾಣುವುದಿಲ್ಲ, ಇದನ್ನು ಎಡಿಟ್‌ನಲ್ಲಿ ಸರಿ ಮಾಡಲೂ ಆಗುವುದಿಲ್ಲ. ಫ್ಯಾನನ್ನು ಎದುರಿನಿಂದ ಇಟ್ಟು, ಕೊನೆಯ “ಹಾ”ಗೆ ಸರಿಯಾಗಿ ಗಾಳಿ ಬೀಸುವ ಹಾಗೆ ಯಾರಾದರೂ ತಿರುಗಿಸಲಿ.

ಮುಗಿದ ಮೇಲೆ ಕ್ಯಾಮೆರಾ ಮುಟ್ಟದೆ, ಎಲ್ಲರೂ ಪಕ್ಕಕ್ಕೆ ಸರಿದು, ಖಾಲಿ ಜಾಗವನ್ನು ಐದು ಸೆಕೆಂಡ್ ರೆಕಾರ್ಡ್ ಮಾಡಿ. ಸ್ನೇಹಿತನ ಮೊಣಕೈ ಫ್ರೇಮಿನೊಳಗೆ ಬಂದಿದ್ದರೆ ಅದನ್ನು ಮುಚ್ಚಲು ಈ ತುಣುಕೇ ಆಧಾರ.

ಇಲ್ಲೇ ಒಂದು ಪರೀಕ್ಷೆ ಮಾಡಿ. ಈಗ ಸಿಕ್ಕ ಕ್ಲಿಪ್ಪನ್ನು ಯಾವ ಎಫೆಕ್ಟೂ ಇಲ್ಲದೆ ಇನ್ನೊಬ್ಬರಿಗೆ ತೋರಿಸಿ. ಕೈಯಲ್ಲಿ ಏನೋ ಹೊತ್ತಿಕೊಂಡು ಮುಂದಕ್ಕೆ ಹೋಯಿತು ಎಂದು ಅವರಿಗೆ ಅನಿಸಬೇಕು. ಅನಿಸದಿದ್ದರೆ ಇನ್ನೊಂದು ಟೇಕ್ ತೆಗೆಯಿರಿ. ಎಡಿಟ್‌ಗೆ ಹೋಗಬೇಡಿ.

## ಹಂತ 4: ಟೈಮಿಂಗ್

ರಿಸಾಲ್ವ್‌ನಲ್ಲಿ ಕ್ಲಿಪ್ ಹಾಕುವ ಮೊದಲೇ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಟೈಮ್‌ಲೈನ್ ಫ್ರೇಮ್ ರೇಟ್ 25 ಎಂದು ಕೊಡಿ. ಕ್ಲಿಪ್ ಹಾಕಿದ ಮೇಲೆ ಅದು ಬದಲಾಗುವುದಿಲ್ಲ. ಫೋನಿನ ಕೆಲವು ವಿಡಿಯೊಗಳಲ್ಲಿ ಫ್ರೇಮ್ ರೇಟ್ ಏರಿಳಿಯುತ್ತದೆ, ಆಗ ಧ್ವನಿ ಮತ್ತು ತುಟಿ ಹೊಂದುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಒಮ್ಮೆ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿಕೊಂಡರೆ ಸರಿಹೋಗುತ್ತದೆ.

ಬೇಕಾದ ಎಂಟು ಹತ್ತು ಸೆಕೆಂಡ್ ಮಾತ್ರ ಇಟ್ಟುಕೊಂಡು ಉಳಿದದ್ದು ಕತ್ತರಿಸಿ. ಆಮೇಲೆ ಐದೂ ಉಚ್ಚಾರಗಳ ಮೇಲೆ ಮಾರ್ಕರ್ ಇಡಿ: ಕಾ, ಮೇ, ಹಾ, ಮೇ, ಹಾ. ಮೊದಲ ನಾಲ್ಕಕ್ಕೆ ನಾಲ್ಕೈದು ಸೆಕೆಂಡ್ ಸಿಗಲಿ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಒಂದು ಸಣ್ಣ ತಡೆ ಇರಬೇಕು, ಆರರಿಂದ ಹತ್ತು ಫ್ರೇಮ್. ಡ್ರ್ಯಾಗನ್ ಬಾಲ್ ಕಥೆಯ ಖಳ ಸೆಲ್ ಜೊತೆಗಿನ ಕಾಳಗದಲ್ಲಿ ನಾಯಕ ಗೋಕು ಮೇಲೆ ಆಕಾಶದಲ್ಲಿ ಶಕ್ತಿ ತುಂಬಿಕೊಳ್ಳುತ್ತಾನೆ, ಮಾಯವಾಗುತ್ತಾನೆ, ಸೆಲ್‌ನ ಎದುರೇ ಕಾಣಿಸಿಕೊಂಡು ಬಿಡುತ್ತಾನೆ. ಆ ದೃಶ್ಯ ಮೈ ಜುಮ್ಮೆನ್ನಿಸುವುದು ಕಿರಣದಿಂದಲ್ಲ, ಕೊನೆಯ “ಹಾ”ಗೆ ಮೊದಲು ಬರುವ ಆ ತಡೆಯಿಂದ.

ಅವಸರದಲ್ಲಿ ಈ ತಡೆಯನ್ನು ಕತ್ತರಿಸಿಬಿಡುವವರೇ ಜಾಸ್ತಿ.

## ಹಂತ 5: ಅಂಗೈಯೊಳಗಿನ ಉಂಡೆ

ಒಂದು ಬಿಳಿ ವೃತ್ತ ಮಾಡಿ. ಫ್ಯೂಷನ್‌ನಲ್ಲಾದರೆ ಬಿಳಿ ಬಣ್ಣದ ಬ್ಯಾಕ್‌ಗ್ರೌಂಡ್ ನೋಡ್ (ಫ್ಯೂಷನ್‌ನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ, ಅದೇ ನೋಡ್), ಅದಕ್ಕೆ ಎಲಿಪ್ಸ್ ಮಾಸ್ಕ್ (ಎಷ್ಟು ಭಾಗ ಕಾಣಬೇಕು ಎಂಬ ದುಂಡನೆಯ ಗೆರೆ), ಅಂಚು ಸ್ವಲ್ಪ ಮೃದು. ಇದು ತಿರುಳು. ಇದರ ಹಿಂದೆ ಎರಡರಷ್ಟು ದೊಡ್ಡ ತಿಳಿ ನೀಲಿ ವೃತ್ತ, ಅದರ ಹಿಂದೆ ಐದಾರು ಪಟ್ಟು ದೊಡ್ಡ, ತುಂಬ ಮಸುಕಾದ ಗಾಢ ನೀಲಿ. ಮೂರನ್ನೂ ಮರ್ಜ್ ನೋಡ್‌ನಲ್ಲಿ ಸ್ಕ್ರೀನ್ ಎಂದು ಇಟ್ಟು ಕ್ಲಿಪ್ ಮೇಲೆ ಕೂರಿಸಿ.

ತಿರುಳಿಗೆ ನೀಲಿ ಬಣ್ಣ ಕೊಟ್ಟರೆ ಕೆಟ್ಟಿತು. ಅಷ್ಟು ಪ್ರಖರ ಬೆಳಕಿನ ನಡುಭಾಗ ಕ್ಯಾಮೆರಾಕ್ಕೆ ಬಿಳಿಯಾಗಿಯೇ ಕಾಣುವುದು, ಬಣ್ಣ ಇರುವುದು ಅಂಚಿನಲ್ಲಿ. ನೇರಳೆ ಕಡೆಗೆ ಬಣ್ಣ ವಾಲದಂತೆಯೂ ನೋಡಿಕೊಳ್ಳಿ, ಅದು ಗೋಕುವಿನ ಪ್ರತಿಸ್ಪರ್ಧಿ ವೆಜಿಟಾನ ದಾಳಿ ಗ್ಯಾಲಿಕ್ ಗನ್ ಆಗಿಬಿಡುತ್ತದೆ. ಅಭಿಮಾನಿಗಳು ಬಿಡುವುದಿಲ್ಲ.

ಉಂಡೆ ಕೈಗೆ ಅಂಟಿರಬೇಕು. ಟ್ರ್ಯಾಕರ್ ನೋಡ್‌ನಲ್ಲಿ ಮಣಿಕಟ್ಟಿನ ಮೇಲಿನ ಒಂದು ಗುರುತು ಆರಿಸಿ. ದಾರವೋ ವಾಚಿನ ಪಟ್ಟಿಯೋ ಇದ್ದರೆ ಟ್ರ್ಯಾಕಿಂಗ್ ಚೆನ್ನಾಗಿ ಹಿಡಿಯುತ್ತದೆ. ಫೋನಿನಲ್ಲಾದರೆ ನಾಲ್ಕೈದು ಫ್ರೇಮಿಗೊಂದು ಕೀಫ್ರೇಮ್ ಕೈಯಾರೆ ಹಾಕಿ.

ಈಗ ಎಲ್ಲರೂ ಬಿಟ್ಟುಬಿಡುವ ಕೆಲಸ. ಕ್ಯಾಮೆರಾಕ್ಕೆ ಹತ್ತಿರದ ಬೆರಳುಗಳು ಉಂಡೆಯ ಮುಂದೆ ಬರಬೇಕು. ಆ ಬೆರಳುಗಳ ಸುತ್ತ ಮಾಸ್ಕ್ ಎಳೆದು, ಉಂಡೆಯನ್ನು ಅಷ್ಟು ಭಾಗದಲ್ಲಿ ಮರೆಮಾಡಿ. ಆದರೆ ಪೂರ್ತಿ ಕತ್ತರಿಸಿದಂತೆ ಬೇಡ. ಕತ್ತಲಲ್ಲಿ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ: ಬೆರಳಿನ ಅಂಚು ಕೆಂಪಗೆ ಹೊಳೆಯುತ್ತದೆ, ಬೆರಳುಗಳ ಸಂದಿನಿಂದ ಬೆಳಕು ಚೂಪಾಗಿ ನುಗ್ಗುತ್ತದೆ, ಬೆರಳಿನ ನಡುಭಾಗ ಮಾತ್ರ ಕಪ್ಪು. ನಿಮ್ಮ ಮಾಸ್ಕ್ ಕೂಡ ಹಾಗೇ ಇರಬೇಕು, ಅಂಚಿನಲ್ಲಿ ಐದಾರು ಪಿಕ್ಸೆಲ್ ಬೆಳಕು ಸೋರಲಿ. ಇಷ್ಟು ಮಾಡಿದರೆ ಉಂಡೆ ಕೈಯೊಳಗೆ ಕೂರುತ್ತದೆ. ಮಾಡದಿದ್ದರೆ ಕೈ ಮೇಲೆ ಸ್ಟಿಕರ್ ಅಂಟಿಸಿದಂತಿರುತ್ತದೆ.

ಉಂಡೆ “ಕಾ”ದಲ್ಲಿ ಚುಕ್ಕೆಯಷ್ಟು, ಎರಡನೆಯ “ಮೇ” ಹೊತ್ತಿಗೆ ಟೆನಿಸ್ ಬಾಲಿನಷ್ಟು. ಒಂದೇ ವೇಗದಲ್ಲಿ ದೊಡ್ಡದಾಗಬಾರದು. ಪ್ರತಿ ಉಚ್ಚಾರಕ್ಕೂ ಒಮ್ಮೆ ಉಬ್ಬಿ, ತುಸು ಕುಗ್ಗಿ, ಮತ್ತೆ ಉಬ್ಬಲಿ.

## ಹಂತ 6: ಕಿರಣ

ಇಷ್ಟು ಹೊತ್ತು ಕಾದದ್ದಕ್ಕೆ, ಈ ಹಂತ ಬೇಗ ಮುಗಿಯುತ್ತದೆ.

ಉಂಡೆಗೆ ಮಾಡಿದ ಮೂರು ಪದರವೇ ಇಲ್ಲಿಯೂ. ವೃತ್ತದ ಬದಲು ಉದ್ದನೆಯ ಆಯತ. ಕೈ ಹತ್ತಿರದ ಉಂಡೆ ಕಿರಣಕ್ಕಿಂತ ತುಸು ದಪ್ಪವಾಗಿಯೇ ಉಳಿಯಲಿ, ಕಿರಣ ಅದರೊಳಗಿಂದ ಹೊರಟಂತೆ ಕಾಣುತ್ತದೆ.

ಮಾರ್ಕರ್ ಇಟ್ಟ ಕೊನೆಯ “ಹಾ” ಮೇಲೆ ಎರಡು ಫ್ರೇಮ್ ಇಡೀ ಪರದೆ ಬಹುತೇಕ ಬಿಳಿ. ನಂತರ ಮೂರು ನಾಲ್ಕು ಫ್ರೇಮಿನಲ್ಲಿ ಕಿರಣ ಫ್ರೇಮಿನ ಅಂಚು ಮುಟ್ಟಬೇಕು. ನಿಧಾನವಾಗಿ ಬೆಳೆಯುವ ಕಿರಣ ಪಿಚಕಾರಿ ನೀರಾಗುತ್ತದೆ. ಒಂದೂವರೆ ಎರಡು ಸೆಕೆಂಡ್ ಉಳಿದು ಹೋಗಲಿ. ಹೋಗುವಾಗ ಬರೀ ಮಸುಕಾಗಬಾರದು. ಮೊದಲು ಕೈ ಕಡೆಯಿಂದ ತೆಳ್ಳಗಾಗಿ, ದಾರದಷ್ಟಾಗಿ, ಹತ್ತು ಹನ್ನೆರಡು ಫ್ರೇಮಿನಲ್ಲಿ ಮುಗಿಯಲಿ.

ಒಳಗೆ ಹರಿವು ಬೇಕು. ಫಾಸ್ಟ್ ನಾಯ್ಸ್ ನೋಡ್ (ಮೋಡದಂಥ ಮಾದರಿ ಮೂಡಿಸುವುದು) ತೆಗೆದುಕೊಂಡು, ಕಿರಣದ ದಿಕ್ಕಿನಲ್ಲಿ ಉದ್ದಕ್ಕೆ ಎಳೆದು, ಕೈಯಿಂದ ಹೊರಗೆ ವೇಗವಾಗಿ ಓಡಿಸಿ. ಅದನ್ನೇ ಡಿಸ್‌ಪ್ಲೇಸ್ ನೋಡ್‌ಗೆ ಕೊಟ್ಟರೆ ಅಂಚೂ ಕಂಪಿಸುತ್ತದೆ. ನಾಯ್ಸ್ ಹಿಮ್ಮುಖವಾಗಿ ಓಡುತ್ತಿದೆಯೇ ಎಂದು ಪರೀಕ್ಷಿಸಿ. ಹಾಗಾದರೆ ಕಿರಣ ಕೈಯೊಳಗೆ ವಾಪಸ್ ಬರುತ್ತಿರುವಂತೆ ಕಾಣುತ್ತದೆ, ಕಾರಣ ತಕ್ಷಣ ಹೊಳೆಯುವುದೂ ಇಲ್ಲ.

ಕಂಪ್ಯೂಟರ್ ತಡವರಿಸಿದರೆ ಗಾಬರಿ ಬೇಡ. ಫ್ಯೂಷನ್‌ಗೆ 8 ಜಿಬಿ ರ್‍ಯಾಮ್ ಸಾಲದು ಅನ್ನಿಸುತ್ತದೆ, 16 ಇದ್ದರೆ ನೆಮ್ಮದಿ. ಪ್ರೀವ್ಯೂ ಗುಣಮಟ್ಟ ಇಳಿಸಿ ಕೆಲಸ ಮಾಡಿ.

## ಹಂತ 7: ಸುತ್ತಮುತ್ತ

ಉಂಡೆ ಬೆಳೆದಂತೆ ಹಿನ್ನೆಲೆ ಮಂಕಾಗಲಿ. ಅನಿಮೆಯಲ್ಲೂ ಶಕ್ತಿ ತುಂಬುವಾಗ ಸುತ್ತಲಿನದ್ದು ಕಪ್ಪಾಗುವುದನ್ನು ನೋಡಿರುತ್ತೀರಿ. ಕಿರಣ ಹೊರಟಾಗ ನೆಲದ ಮೇಲೆ, ಹತ್ತಿರದ ಗೋಡೆಯ ಮೇಲೆ ನೀಲಿ ಬೆಳಕು ಬೀಳಬೇಕು. ಕ್ಲಿಪ್ಪಿನ ಪ್ರತಿ ಇನ್ನೊಂದು ಮಾಡಿ, ನೀಲಿ ಬೆರೆಸಿ, ಪ್ರಖರ ಮಾಡಿ, ಕಿರಣದ ಕೆಳಗಿನ ನೆಲಕ್ಕೆ ಮಾತ್ರ ಮೃದು ಮಾಸ್ಕ್ ಹಾಕಿದರೆ ಆಯಿತು.

ಅಲುಗಾಟ: ಕಿರಣ ಹೊರಟ ಎರಡನೆಯ ಫ್ರೇಮಿನಿಂದ ಇಡೀ ಚಿತ್ರವನ್ನು ಹತ್ತು ಹದಿನೈದು ಪಿಕ್ಸೆಲ್ ಅತ್ತಿತ್ತ ಅಲುಗಾಡಿಸಿ, ಅರ್ಧ ಸೆಕೆಂಡಿನಲ್ಲಿ ಕಡಿಮೆ ಮಾಡುತ್ತಾ ಬನ್ನಿ. ಮೊದಲೇ ಚಿತ್ರವನ್ನು 105 ಶೇಕಡಾಕ್ಕೆ ಹಿಗ್ಗಿಸಿಕೊಳ್ಳಿ, ಇಲ್ಲವಾದರೆ ಅಂಚಿನಲ್ಲಿ ಕಪ್ಪು ಪಟ್ಟಿ ಇಣುಕುತ್ತದೆ.

ಈಗ ಕಿರಣದ ಲೇಯರನ್ನು ಆಫ್ ಮಾಡಿ ಒಮ್ಮೆ ಪ್ಲೇ ಮಾಡಿ. ಬೆಳಕು, ಅಲುಗಾಟ, ಹಾರುವ ಅಂಗಿ ಮಾತ್ರ ನೋಡಿ ಏನೋ ಸ್ಫೋಟವಾಯಿತು ಅನ್ನಿಸಿದರೆ ಸರಿ. ಅನ್ನಿಸದಿದ್ದರೆ ಈ ಹಂತಕ್ಕೇ ಇನ್ನಷ್ಟು ದುಡಿಯಿರಿ. ಕಿರಣವನ್ನು ದಪ್ಪ ಮಾಡಿ ಪರಿಹಾರ ಹುಡುಕಬೇಡಿ.

## ಹಂತ 8: ಶಬ್ದ

ಅನಿಮೆಯಿಂದ ಶಬ್ದ ಕದಿಯಬೇಡಿ. ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೇಮ್ ಬರಬಹುದು. ಮನೆಯಲ್ಲೇ ಸಿಗುತ್ತದೆ ಸಾಮಗ್ರಿ. ಖಾಲಿ ಮಿಕ್ಸಿಯನ್ನು ಎರಡು ಮೂರು ಸೆಕೆಂಡ್ ಓಡಿಸಿ ರೆಕಾರ್ಡ್ ಮಾಡಿ, ಆಡಾಸಿಟಿ ಎಂಬ ಉಚಿತ ಧ್ವನಿ ಸಾಫ್ಟ್‌ವೇರ್‌ನಲ್ಲಿ ಪಿಚ್ ಚೆನ್ನಾಗಿ ಇಳಿಸಿ, ಉದ್ದಕ್ಕೆ ಎಳೆದರೆ ಗುಂಯ್‌ಗುಡುವ ಶಕ್ತಿ. ಕುಕ್ಕರ್ ವಿಸಿಲ್‌ಗೆ ಮೊದಲು ಬರುವ ಉಸ್ ಶಬ್ದವನ್ನು ಮೇಲೆ ಸೇರಿಸಿ. “ಕಾ”ದಿಂದ ಎರಡನೆಯ “ಮೇ” ತನಕ ಪಿಚ್ ಏರುತ್ತಾ ಹೋಗಲಿ.

ಕೊನೆಯ “ಹಾ”ಗೆ ಮೊದಲಿನ ಆ ತಡೆಯಲ್ಲಿ ಎಲ್ಲ ಶಬ್ದವೂ ನಿಲ್ಲಬೇಕು, ಗಾಳಿಯದ್ದೂ ಸೇರಿ. ಆಮೇಲೆ ಬರುವ “ಹಾ” ಎಷ್ಟೇ ಸಣ್ಣದಿದ್ದರೂ ದೊಡ್ಡದಾಗಿ ಕೇಳುತ್ತದೆ. ಕೂಗನ್ನು ಶೂಟ್‌ನಲ್ಲಿ ಬಂದದ್ದರ ಬದಲು ಮುಚ್ಚಿದ ಕೋಣೆಯಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿದರೆ ಸ್ಪಷ್ಟ. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ.

## ಹಂತ 9: ಹೊರಗೆ ತೆಗೆಯುವುದು

1080ಪಿ, ಎಚ್.264 ಸಾಕು. ಎಕ್ಸ್‌ಪೋರ್ಟ್ ಆದ ಮೇಲೆ ಗಾಢ ನೀಲಿ ಹೊಳಪಿನಲ್ಲಿ ಬಳೆಬಳೆಯಾಗಿ ಪಟ್ಟಿಗಳು ಕಂಡರೆ, ಅದು 8 ಬಿಟ್ ಬಣ್ಣದ ಮಿತಿ. ಇಡೀ ಚಿತ್ರದ ಮೇಲೆ ತೀರ ಸಣ್ಣ ಪ್ರಮಾಣದ ಗ್ರೇನ್ (ಕಾಳುಕಾಳು ಚುಕ್ಕೆ) ಹಾಕಿ ಮತ್ತೆ ತೆಗೆದರೆ ಪಟ್ಟಿಗಳು ಬಹುಪಾಲು ಕರಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ವಿಡಿಯೊ ಎಂದು ಆರಿಸದೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, ಹಾಕಿದ ಗ್ರೇನ್ ಹೋಗಿ ಪಟ್ಟಿಗಳು ಮತ್ತೆ ಬರುತ್ತವೆ.